ಮೂಟೆಯ ಬಾಯಿ

ಕೆಂಚಿ ಸತ್ತು ಎರಡು ವರ್ಷವಾಗುತ್ತ ಬಂತು. ಮನೆಗೆ ಬಂದವರು ತಾಯಿ ಕುದುರೆ ಒಂಟಿಯಾಗಿ ನಿಂತಿರುವುದನ್ನು ನೋಡಿ ಈಗಲೂ ಕೇಳುತ್ತಾರೆ, "ಮರಿಗೆ ಏನಾಗಿತ್ತಪ್ಪಾ?" ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರಗಳನ್ನು ಎಣಿಸಿದರೆ ನಾಲ್ಕೈದಾದರೂ ಆದಾವು. ಹೊಟ್ಟೆಶೂಲೆ ಎಂದಿದ್ದೇನೆ, ಹಾವು ಎಂದಿದ್ದೇನೆ, ಗುಂಡಿಗೆ ನಿಂತಿತು ಎಂದಿದ್ದೇನೆ. ಯಾವುದನ್ನು ಹೇಳಿದರೂ ಕೇಳಿದವರು "ಪಾಪ" ಎಂದು ತಲೆಯಾಡಿಸಿ ಕಾಫಿ ಕುಡಿದು ಹೋಗಿದ್ದಾರೆ. ಒಂದು ಉತ್ತರವನ್ನು ಮಾತ್ರ ಹೀಗೆ ಕೇಳಿದ ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ. ಅದನ್ನು ಹೇಳಬೇಕಾಗಿದ್ದ ಒಬ್ಬನೇ ಒಬ್ಬ ವ್ಯಕ್ತಿಗೆ ಈ ಸಂಕ್ರಾಂತಿಯಲ್ಲಿ ಹೇಳಿದೆ. ಆಮೇಲೆ ಇದನ್ನು ಬರೆಯಲು ಕೈ ಬಂತು.

ನಮ್ಮ ಊರು, ತಮಿಳುನಾಡಿಗೆ ಸೇರಿದ ಗಡಿಯ ತಾಳವಾಡಿಯಲ್ಲಿ, ಈಗ ಕುದುರೆ ಸಾಕುವವರು ಇಲ್ಲವೆಂದೇ ಹೇಳಬೇಕು. ನಮ್ಮದು ಎಲೆಕೋಸು, ಬೆಳ್ಳುಳ್ಳಿ, ಅರಿಶಿನದ ಸೀಮೆ. ಸಾಕಿದರೆ ಹಾಲಿಗೆ ಹಸು, ಗೊಬ್ಬರಕ್ಕೆ ಕುರಿ. ಆದರೆ ನಮ್ಮ ತಾತ ಚಾಮರಾಜನಗರಕ್ಕೆ ಜಟಕಾ ಹೊಡೆಯುತ್ತಿದ್ದವರು. ಅಪ್ಪನಿಗೆ ಆ ವಾಸನೆ ಬಿಟ್ಟಿಲ್ಲ. ಪ್ರತಿ ವರ್ಷ ಆಡಿ ತಿಂಗಳು ಬಂತೆಂದರೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಸತ್ಯಮಂಗಲ, ಗೋಬಿ ದಾಟಿ ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ಹೋಗುತ್ತಾರೆ. ಟಿಪ್ಪು ಸುಲ್ತಾನನ ಸೈನ್ಯಕ್ಕೆ ಕುದುರೆ ಕೊಳ್ಳುತ್ತಿದ್ದದ್ದು ಇಲ್ಲಿಯೇ ಎಂದು ಜಾತ್ರೆಯಲ್ಲಿ ಇಂದಿಗೂ ಹೇಳಿಕೊಳ್ಳುತ್ತಾರೆ. ಕಿವಿಯ ತುದಿಗಳು ಒಂದಕ್ಕೊಂದು ತಾಗುವ ಕಾಠಿಯಾವಾಡಿ, ಮಾರ್ವಾಡಿ ಕುದುರೆಗಳ ಸಾಲಿನಲ್ಲಿ ಅಪ್ಪ ಬೆಳಗಿನಿಂದ ಸಂಜೆಯವರೆಗೆ ಅಲೆಯುತ್ತಾರೆ, ಬೆಲೆ ಕೇಳುತ್ತಾರೆ, ಬರಿಗೈಯಲ್ಲಿ ಮರಳುತ್ತಾರೆ. ಒಂದು ವರ್ಷ ಮಾತ್ರ ಬರಿಗೈಯಲ್ಲಿ ಮರಳಲಿಲ್ಲ. ಐದು ತಿಂಗಳ ಗಬ್ಬದ ನಾಟಿ ಕುದುರೆಯೊಂದನ್ನು ಟೆಂಪೋದಲ್ಲಿ ನಿಲ್ಲಿಸಿಕೊಂಡು ಘಟ್ಟ ಹತ್ತಿಸಿದರು. ಅಮ್ಮ ಎರಡು ದಿನ ಮಾತು ಬಿಟ್ಟರು. ಮರುವರ್ಷ ಶಿವರಾತ್ರಿಯ ವಾರದಲ್ಲಿ ಮರಿ ಹುಟ್ಟಿದಾಗ, ಬಾಣಂತಿಗೆ ಬೇಯಿಸುವ ಹಾಗೆ ಬೆಲ್ಲ ಹಾಕಿ ಹುರುಳಿ ಬೇಯಿಸಿ ಕುದುರೆಗೆ ಕೊಟ್ಟವರೂ ಅಮ್ಮನೇ. ಮರಿಯ ಮೈ ಕೆಂಚು, ಹಣೆಯ ಮೇಲೆ ಹೆಬ್ಬೆರಳಗಲದ ಬಿಳಿ. ಕೆಂಚಿ ಎಂದು ಯಾರು ಮೊದಲು ಕರೆದರೋ ನೆನಪಿಲ್ಲ.

ಕೊಂಡದ ಮಂಗಳವಾರ

ಅಂದು ಬಣ್ಣಾರಿ ಅಮ್ಮನ ಕೊಂಡ, ಕೆಂಡ ಹಾಯುವ ಹಬ್ಬ. ಹಿಂದಿನ ದಿನವೇ ಅರ್ಧ ಊರು ಘಟ್ಟ ಇಳಿದಿತ್ತು. ಕುದುರೆ ನೋಡಿಕೊಳ್ಳುತ್ತಿದ್ದ ಹುಡುಗ ಹರಕೆ ಇದೆ ಎಂದು ಕೇಳಿದ್ದ. ಹೋಗಿ ಬಾ ಎಂದು ಬಸ್ಸಿನ ಖರ್ಚು ಕೊಟ್ಟು ಕಳುಹಿಸಿದವನು ನಾನು. ಆ ಸೋಮವಾರ ಸಂಜೆ ಕೆಂಚಿಯನ್ನು ನಾನೇ ಬಿಟ್ಟೆ. ರಾಗಿ ಕೊಯ್ದು ಬಿಟ್ಟಿದ್ದ ಬೋಳು ಹೊಲದಲ್ಲಿ ಅದು ಬಾಲ ನಿಗುರಿಸಿಕೊಂಡು ಈ ಬದುವಿನಿಂದ ಆ ಬದುವಿಗೆ ನಾಲ್ಕು ಸಲ ಓಡಿತು. ಹದಿಮೂರು ತಿಂಗಳ ಮರಿ. ಓಡುವುದಕ್ಕೆ ಅದಕ್ಕೆ ಕಾರಣವೇನೂ ಬೇಕಿರಲಿಲ್ಲ. ಬಂದು ನನ್ನ ತೋಳಿಗೆ ಮೂತಿ ಒರೆಸಿ ನೀರು ಕುಡಿಯಿತು.

ಬೆಳಗ್ಗೆ ಐದೂವರೆಗೆ ಬ್ಯಾಟರಿ ಹಿಡಿದು ಲಾಯಕ್ಕೆ ಹೋದಾಗ ತಾಯಿ ಕುದುರೆ ಅಡ್ಡಗಂಬದ ಮೇಲಿಂದ ಕತ್ತು ಚಾಚಿ ನಿಂತಿತ್ತು. ಕೆನೆಯಲಿಲ್ಲ. ಕೆಂಚಿ ಬಲಮಗ್ಗುಲಾಗಿ ಮಲಗಿತ್ತು, ಒಂದು ಮುಂಗಾಲು ಚಾಚಿ, ಒಂದು ಮಡಚಿ. ಕುದುರೆಗಳು ಮಲಗುವುದು ಹಾಗೆಯೇ, ಅದರಲ್ಲೂ ಮರಿಗಳು. ಆದ್ದರಿಂದ ನಾನು ಹೆಸರು ಹಿಡಿದು ಕರೆದೆ. ಹತ್ತಿರ ಹೋಗಿ ಕಿವಿ ಮುಟ್ಟಿದೆ; ತಣ್ಣಗಿತ್ತು. ಹೊಟ್ಟೆಯ ಅಡಿ, ಹುಲ್ಲಿಗೆ ಒತ್ತಿಕೊಂಡಿದ್ದ ಕಡೆ, ಇನ್ನೂ ಬಿಸಿ ಇತ್ತು. ತುಟಿಗಳ ನಡುವೆ ಅರ್ಧ ಅಗಿದ ಹಸಿ ಹುಲ್ಲು. ನುಂಗುವಷ್ಟು ಹೊತ್ತೂ ಸಿಕ್ಕಿರಲಿಲ್ಲ. ಕೆಳಗೆ ಹಾಸಿದ್ದ ಒಣಹುಲ್ಲು ನಾನು ರಾತ್ರಿ ಹರಡಿದಂತೆಯೇ ಇತ್ತು.

ಆ ಹಾಸು ಕದಡದೆ ಇದ್ದದ್ದು ಎಷ್ಟು ದೊಡ್ಡ ಮಾತು ಎನ್ನುವುದು ಆಗ ನನಗೆ ಹೊಳೆಯಲಿಲ್ಲ. ಅಪ್ಪ ಬಂದು ನೋಡಿದರು, ಹಣೆಯ ಬಿಳಿಯ ಮೇಲೆ ಕೈಯಿಟ್ಟರು, "ಬಿಸಿಲು ಏರುವ ಮುಂಚೆ ಮಣ್ಣು ಮಾಡೋಣ" ಎಂದರು. ನಾನು ಪಶುವೈದ್ಯರಿಗೆ ಫೋನ್ ಮಾಡಿದೆ, ಸಿಗಲಿಲ್ಲ. ಮತ್ತೆ ಮಾಡಿದೆ. ಅಷ್ಟರಲ್ಲಿ ಪಕ್ಕದ ತೋಟದಲ್ಲಿ ಕೆಲಸ ಮಾಡುತ್ತಿದ್ದ ಜೆಸಿಬಿ ಬಂದು ನಿಂತಿತ್ತು. ಅಮ್ಮ ಅರಿಶಿನ, ಕುಂಕುಮ ಇಟ್ಟು ಹೊಸ ಬಿಳಿ ಬಟ್ಟೆ ಹೊದಿಸಿದರು. ಕಲ್ಲುಪ್ಪಿನ ಎರಡು ಮೂಟೆ ಸುರಿದೆವು. ಹನ್ನೊಂದು ಗಂಟೆಗೆ ಮಣ್ಣು ಮುಚ್ಚಿಯಾಗಿತ್ತು.

ಡಾಕ್ಟರು ಬೆಟ್ಟದ ಮೇಲಿನ ಹಾಡಿಯೊಂದರಲ್ಲಿ ಲಸಿಕೆ ಹಾಕಿಸುತ್ತಿದ್ದರಂತೆ. ಮಧ್ಯಾಹ್ನ ಅವರೇ ಫೋನ್ ಮಾಡಿದರು. ಮನೆಮಾತು ತಮಿಳು, ಆದರೆ ಇಲ್ಲಿಗೆ ಬಂದ ಮೇಲೆ ನಮ್ಮ ಕನ್ನಡ ಕಲಿತವರು. ಮೊದಲು ಕೇಳಿದ್ದು, "ಮೂಗಿನಿಂದಾಗಲಿ ಹಿಂದಿನಿಂದಾಗಲಿ ರಕ್ತ ಬಂದಿತ್ತೇ?" ಇಲ್ಲ ಎಂದೆ. "ಹೊಟ್ಟೆ ಉಬ್ಬಿತ್ತೇ?" ಅಷ್ಟೇನಿಲ್ಲ ಎಂದೆ. "ನಾನು ಬರುವವರೆಗೆ ನೆರಳಿನಲ್ಲಿ ಇಡಿ" ಎಂದರು. ಹೂತೆವು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. "ಸರಿ, ಸಂಜೆ ಬರುತ್ತೇನೆ" ಎಂದರು.

ಅವರು ಬಂದದ್ದು ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ. ಬಂದು ಮಾಡುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಆದರೂ ಮಂಡಿಯೂರಿ ಕುಳಿತು ಹಾಸು ಹುಲ್ಲನ್ನು ಬಿಡಿಸಿ ನೋಡಿದರು, ಲದ್ದಿಯನ್ನು ಕಡ್ಡಿಯಿಂದ ಒಡೆದು ನೋಡಿದರು, ತಾಯಿ ಕುದುರೆಯ ಒಸಡು, ಕಣ್ಣಿನ ಒಳರೆಪ್ಪೆ ನೋಡಿದರು. ಹೊಟ್ಟೆಶೂಲೆ ಇರಬಹುದೇ ಎಂದು ನಾನು ಕೇಳಿದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆ ಸೇರಿದ್ದು ಹಿಂದಕ್ಕೆ ಬರುವ ದಾರಿಯೇ ಅದರ ದೇಹದಲ್ಲಿ ಮುಚ್ಚಿಕೊಂಡಿದೆ. ಆದ್ದರಿಂದ ಗಾಳಿ ಕಟ್ಟಿದರೆ, ಕರುಳು ತಿರುಚಿಕೊಂಡರೆ ಅದು ಪಡುವ ಸಂಕಟ ಅಷ್ಟಿಷ್ಟಲ್ಲ. "ಒದ್ದಾಡುತ್ತದೆ, ಹೊರಳುತ್ತದೆ, ಬೆವರುತ್ತದೆ, ಕಣ್ಣಿನ ಮೇಲೆಲ್ಲ ತರಚಿಕೊಳ್ಳುತ್ತದೆ. ಈ ಹುಲ್ಲು ಹೀಗೆ ಇರುವುದಿಲ್ಲ" ಎಂದರು. ಧನುರ್ವಾಯು ಆಗಿದ್ದರೆ ದಿನಗಟ್ಟಲೆ ಮೈ ಸೆಟೆದು ನಿಂತಿರುತ್ತಿತ್ತು. ನೊಣದಿಂದ ಬರುವ ಸರ್ರಾ ಆಗಿದ್ದರೆ ವಾರಗಟ್ಟಲೆ ಜ್ವರ ಬಂದು ಸೊರಗುತ್ತಿತ್ತು. ಇದು ನಿಂತಲ್ಲಿಯೇ, ಮೇಯುತ್ತಿದ್ದಾಗಲೇ ಬಂದ ಸಾವು. ಹಾಗಾದರೆ ಏನು ಎಂದು ಅಪ್ಪ ಕೇಳಿದರು. "ಗೊತ್ತಿಲ್ಲ ಅಯ್ಯಾ" ಎಂದರು. "ಕೊಯ್ದು ನೋಡದೆ ಹೇಳಿದರೆ ಸುಳ್ಳಾಗುತ್ತದೆ. ಕೊಯ್ದಿದ್ದರೂ ಸಿಗುತ್ತಿತ್ತು ಎನ್ನಲಾರೆ. ರೇಸಿನ ಕುದುರೆಗಳಿಗೆ ದೊಡ್ಡ ದೊಡ್ಡ ಪ್ರಯೋಗಾಲಯಗಳಿವೆ, ಅಲ್ಲಿಯೂ ಹೀಗೆ ಹಠಾತ್ತನೆ ಬಿದ್ದು ಸತ್ತ ಎಷ್ಟೋ ಕುದುರೆಗಳಿಗೆ ಕಾರಣ ಸಿಗುವುದಿಲ್ಲ."

ಹೊರಡುವಾಗ ನಾನು ಗೇಟಿನವರೆಗೆ ಹೋದೆ. ಆ ಮೊದಲ ಪ್ರಶ್ನೆ ಏಕೆ ಎಂದು ಕೇಳಿದೆ. ನೆರಡಿ ರೋಗದಲ್ಲಿ, ಅಂದರೆ ಆಂಥ್ರಾಕ್ಸ್‌ನಲ್ಲಿ, ಸತ್ತ ಪ್ರಾಣಿಯ ಮೂಗಿನಲ್ಲಿ ಹೆಪ್ಪುಗಟ್ಟದ ರಕ್ತ ಬರುತ್ತದೆ, ಅಂಥದ್ದನ್ನು ಕೊಯ್ಯಲೇಬಾರದು, ಗಾಳಿ ತಗುಲಿದರೆ ಅದರ ಬೀಜಾಣು ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತದೆ ಎಂದರು. ರಕ್ತ ಇರಲಿಲ್ಲವಾದ್ದರಿಂದ ಕೊಯ್ಯಬಹುದಿತ್ತು. ಯಕೃತ್ತು, ಮೂತ್ರಪಿಂಡ, ಹೊಟ್ಟೆಯಲ್ಲಿದ್ದ ಮೇವನ್ನು ಗಟ್ಟಿ ಉಪ್ಪುನೀರಿನಲ್ಲಿ ಹಾಕಿ ವಿಷಪರೀಕ್ಷೆಗೆ, ಗುಂಡಿಗೆಯ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು ಪಶುವೈದ್ಯ ಕಾಲೇಜಿಗೆ ಕಳುಹಿಸಬಹುದಿತ್ತು. ಈ ಬಿಸಿಲಿನಲ್ಲಿ ಕುದುರೆಯ ಒಡಲು ಕೆಲವೇ ಗಂಟೆಗಳಲ್ಲಿ ಹಳಸುತ್ತದೆ. ಆಮೇಲೆ ರೋಗ ಯಾವುದು, ಕೊಳೆತ ಯಾವುದು ಎಂದು ಬಿಡಿಸುವುದು ಕಷ್ಟ. ವಿಮೆಯ ಮಾತನ್ನೂ ಅವರೇ ಎತ್ತಿದರು. ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಅದೂ ಇಲ್ಲ. ಅದರ ಬಗ್ಗೆ ನಮ್ಮಲ್ಲಿ ಯಾರಿಗೂ ಚಿಂತೆ ಇರಲಿಲ್ಲ.

ಊರು ಕೊಟ್ಟ ಕಾರಣಗಳು

ಡಾಕ್ಟರು ಗೊತ್ತಿಲ್ಲ ಎಂದರು ಎನ್ನುವುದು ಊರಿಗೆ ತಲುಪಿದ್ದೇ ತಡ, ಗೊತ್ತಿರುವವರು ಒಬ್ಬೊಬ್ಬರಾಗಿ ಬಂದರು. ನಾನು ಅವರನ್ನು ಹಗುರವಾಗಿ ಕಾಣುತ್ತಿಲ್ಲ. ಸಾವಿನ ಮನೆಗೆ ಬರಿಗೈಯಲ್ಲಿ ಬರಬಾರದೆಂದು ಒಂದು ಕಾರಣವನ್ನು ತಂದವರು ಅವರು. ಕಣ್ಣಿನ ಕೆಳಗೆ ಸುಳಿ ಇತ್ತು, ಅದು ಕಣ್ಣೀರಿನ ಸುಳಿ, ಅಂಥ ಕುದುರೆ ಮನೆಯಲ್ಲಿ ನಿಲ್ಲುವುದಿಲ್ಲ ಎಂದರು ಒಬ್ಬರು. ಅಂದಿಯೂರಿನಲ್ಲಿ ತಾಯಿ ಕುದುರೆಯ ಮೈಯ ಮೇಲಿನ ಪ್ರತಿ ಸುಳಿಯನ್ನೂ ಬೆರಳಾಡಿಸಿ ನೋಡಿದ್ದ ಅಪ್ಪ, ಮನೆಯಲ್ಲಿ ಹುಟ್ಟಿದ ಮರಿಯನ್ನು ಹಾಗೆ ನೋಡಿರಲೇ ಇಲ್ಲ. ಮಕ್ಕಳ ಸುಳಿಯನ್ನು ಯಾರು ನೋಡುತ್ತಾರೆ? ದೃಷ್ಟಿ ಎಂದರು ಕೆಲವರು. ಹಿಂದಿನ ವಾರ ಮದುವೆಗೆ ಬಂದಿದ್ದ ನೆಂಟರು ಅದರ ಫೋಟೊ ತೆಗೆದಿದ್ದು ನಿಜ. ಮಾತು ತಿರುಗಿ ಪಕ್ಕದ ತೋಟದವರ ಬೇಲಿಯ ಮೇಲೂ ಹೋಯಿತು. ನಮ್ಮಲ್ಲಿ ಆನೆಗೆ ಎಲ್ಲರೂ ಸೋಲಾರ್ ಬೇಲಿ ಹಾಕಿಕೊಂಡಿದ್ದೇವೆ. ಅದರ ಕರೆಂಟು ಮಿಡಿದು ಮಿಡಿದು ನಿಲ್ಲುತ್ತದೆ, ಆನೆ ಬೆಚ್ಚಿ ಹಿಂದೆ ಸರಿಯುತ್ತದೆಯೇ ಹೊರತು ಸಾಯುವುದಿಲ್ಲ. ಆದರೆ ಕಂಬದಿಂದ ನೇರ ಲೈನ್ ಎಳೆದರೆ ಸಾಯುತ್ತದೆ. ಅವರು ಎಳೆದಿದ್ದಾರೆ ಎಂದು ಯಾರೋ ಅಂದರು. ಕೆಂಚಿ ಸತ್ತದ್ದು ಬೇಲಿಯಿಂದ ನೂರು ಹೆಜ್ಜೆ ದೂರದ ಲಾಯದ ಒಳಗೆ. ಆದರೂ ಜೆಸಿಬಿ ಕಳುಹಿಸಿಕೊಟ್ಟ ಆ ಮನೆಯವರ ಜೊತೆ ನಾವು ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಇದೇ ಹೊತ್ತಿನಲ್ಲಿ ಅಪ್ಪ ನನಗೆ ತಾತನ ಕೊನೆಯ ಜಟಕಾ ಕುದುರೆಯ ವಿಷಯ ಹೇಳಿದ್ದು. ಅಪ್ಪ ಆಗ ಚಿಕ್ಕ ಹುಡುಗ, 1960ರ ಆಸುಪಾಸು. ಬೆಳಗ್ಗೆ ಗಾಡಿ ಎಳೆದ ಕುದುರೆ ಮರುದಿನ ಮೂಗಿನ ತುಂಬ ನೊರೆ ಬಂದು ಸತ್ತಿತಂತೆ. ತಾತ "ಯಾರೋ ಮಾಡಿಸಿದರು" ಎಂದು ತಮ್ಮ ದಾಯಾದಿಯ ಮನೆಯ ನೀರು ಮುಟ್ಟುವುದನ್ನು ಬಿಟ್ಟರಂತೆ. ಆ ಮಾತು ಹಾಗೆಯೇ ಉಳಿದು, ಎರಡೂ ಮನೆಯವರು ಇಂದಿಗೂ ಒಬ್ಬರ ಮದುವೆಗೆ ಒಬ್ಬರು ಹೋಗುವುದಿಲ್ಲ. 1959ರಿಂದ 61ರ ನಡುವೆ ಆಫ್ರಿಕನ್ ಕುದುರೆ ರೋಗ ಎಂಬುದು ಪಶ್ಚಿಮ ಏಷ್ಯಾವನ್ನು ದಾಟಿ ಭಾರತಕ್ಕೂ ಬಂದು, ಅಷ್ಟೂ ಸೀಮೆಯಲ್ಲಿ ಸುಮಾರು ಮೂರು ಲಕ್ಷ ಕುದುರೆ, ಕತ್ತೆ, ಹೇಸರಗತ್ತೆಗಳನ್ನು ಕೊಂದಿತು ಎಂದು ನಾನು ಓದಿದ್ದು ಬಹಳ ಆಮೇಲೆ. ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ನುಸಿಯಿಂದ ಹರಡುವ ರೋಗ ಅದು, ಮೂಗಿನ ನೊರೆ ಅದರ ಮುಖ್ಯ ಗುರುತು. ತಾತನ ಕುದುರೆಗೆ ಬಂದದ್ದು ಅದೇ ಎಂದು ನಾನು ಹೇಳಲು ಹೋಗುವುದಿಲ್ಲ. ಆದರೆ ಎರಡು ಮನೆಗಳನ್ನು ಅರವತ್ತು ವರ್ಷ ದೂರ ಇಟ್ಟದ್ದು ಒಂದು ನುಸಿಯೇ ಆಗಿದ್ದಿರಬಹುದು ಎಂದು ಯೋಚಿಸಿದಾಗ ನನಗೆ ಮೈ ಝುಮ್ಮೆಂದಿತು.

ಹುಡುಗ

ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಇಪ್ಪತ್ತು ವರ್ಷದವನು, ಕೆಂಚಿ ಹುಟ್ಟಿದ ರಾತ್ರಿ ಲಾಯದಲ್ಲಿದ್ದವನು. ಮರಿ ಎದ್ದು ನಿಲ್ಲುವವರೆಗೆ ತನ್ನ ಕಂಬಳಿಯಿಂದ ಅದರ ಮೈ ಒರೆಸಿದವನು. ಕೊಂಡ ಹಾಯ್ದು ಬುಧವಾರ ಬೆಳಗ್ಗೆ ಬಂದ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೆಂಚಿಯ ಕೊರಳಿಗೆಂದು ಕೊಂಡ ಗೆಜ್ಜೆ. ಅವನಿಗೆ ಯಾರೂ ಫೋನ್ ಮಾಡಿರಲಿಲ್ಲ. ಜಗಲಿಯ ಮೇಲೆ ಕುಳಿತಿದ್ದ ಅಪ್ಪ ಅವನನ್ನು ನೋಡಿ ಹೇಳಿದ್ದು ಒಂದೇ ಮಾತು: "ನೀನು ಇದ್ದಿದ್ದರೆ ಉಳಿಯುತ್ತಿತ್ತು."

ಬೈಗುಳ ಅಲ್ಲ ಅದು. ಬೈದಿದ್ದರೆ ಅವನು ಅತ್ತು ಹಗುರಾಗುತ್ತಿದ್ದ. ಆ ಒಂದು ಮಾತು ಮನೆಯ ಒಳಗೆ ಬೆಳೆಯಿತು. ಮೊದಲು ಅವನು ಇರಲಿಲ್ಲ ಎಂದಿತ್ತು. ವಾರ ಕಳೆಯುವಷ್ಟರಲ್ಲಿ ಹೋಗುವ ಅವಸರದಲ್ಲಿ ಏನು ಮೇವು ಹಾಕಿದ್ದನೋ ಎಂದಾಯಿತು. ಇನ್ನೆರಡು ದಿನಕ್ಕೆ ಬೇಲಿಬದಿಯ ಕಣಗಿಲೆ ಸೊಪ್ಪು ಹುಲ್ಲಿನ ಜೊತೆ ಕೊಯ್ದು ತಂದಿರಬೇಕು ಎಂದು ಅದಕ್ಕೊಂದು ರೂಪವೂ ಬಂತು. ಕಣಗಿಲೆ ಕುದುರೆಗೆ ವಿಷ ನಿಜ, ಗುಂಡಿಗೆಗೇ ಹೊಡೆಯುತ್ತದೆ. ಆದರೆ ನಮ್ಮ ಬೇಲಿಯಲ್ಲಿ ಕಣಗಿಲೆ ಇಲ್ಲ. ಅಂದಿನ ಸಂಜೆಯ ಹುಲ್ಲು ಹಾಕಿದವನು ನಾನು. ಇಷ್ಟನ್ನು ಗಟ್ಟಿಯಾಗಿ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮಾತು ಅವನ ಮೇಲೆ ಹೋಗುತ್ತಿರುವಷ್ಟು ದಿನ ನನ್ನ ಮೇಲೆ ಬರುತ್ತಿರಲಿಲ್ಲ. ಹತ್ತನೆಯ ದಿನ ಅವನು ಸಂಬಳವನ್ನೂ ಪೂರ್ತಿ ತೆಗೆದುಕೊಳ್ಳದೆ ಹೊರಟ. ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದಕ್ಕೆ ಸೇರಿದನೆಂದು ತಿಳಿಯಿತು. ಗೆಜ್ಜೆಯನ್ನು ಲಾಯದ ಮೊಳೆಗೆ ನೇತುಹಾಕಿ ಹೋಗಿದ್ದ.

ಮೂರು ಕಿಲೋ ಆರುನೂರು ಗ್ರಾಂ

ಎಂಟು ತಿಂಗಳ ನಂತರ ಕೋಳಿಗಳಿಗೆ ಬರುವ ರಕ್ತಭೇದಿಯ ಬಗ್ಗೆ ಓದುತ್ತಿದ್ದೆ. ಅಮ್ಮ ಐವತ್ತು ಕೋಳಿಮರಿ ತಂದು ಸಾಕುತ್ತಿದ್ದರು. ಆ ರೋಗ ಬಾರದಿರಲೆಂದು ಅಂಗಡಿಯ ಕೋಳಿ ಆಹಾರದಲ್ಲಿ ಮೊನೆನ್ಸಿನ್, ಸಲಿನೋಮೈಸಿನ್ ಮುಂತಾದ ಔಷಧಿಗಳನ್ನು ಬೆರೆಸುವುದುಂಟು ಎಂದಿತ್ತು. ಅದರ ಕೆಳಗೇ, ಇದನ್ನು ಕುದುರೆಗೆ ಎಂದೂ ತಿನ್ನಿಸಬಾರದು ಎಂದಿತ್ತು. ನಾನು ಆ ಸಾಲನ್ನು ಓದಿ, ಎದ್ದು ಹೊರಗೆ ಹೋಗಿ, ಬಾವಿಯ ಕಟ್ಟೆಯ ಮೇಲೆ ಕುಳಿತೆ.

ಕೆಂಚಿ ಸಾಯುವ ಮೂರು ವಾರ ಮುಂಚೆ ಅಮ್ಮನ ಮೊದಲ ತಂಡದ ಮರಿಗಳಿಗೆಂದು 50 ಕಿಲೋ ಆಹಾರದ ಮೂಟೆ ತಂದವನು ನಾನು. ಮಳೆ ಬರುವಂತಿತ್ತು, ಲಾಯದ ಮೂಲೆಯಲ್ಲಿ ಇಳಿಸಿದೆ. ದಾರ ಎಳೆದು ಬಾಯಿ ಬಿಚ್ಚಿದೆ, ಒಂದು ಬೋಗುಣಿ ತೆಗೆದುಕೊಂಡೆ, ಮತ್ತೆ ಕಟ್ಟಲಿಲ್ಲ. ಒಂದೆರಡು ದಿನದ ಮೇಲೆ ಹೋದಾಗ ಕೆಂಚಿ ಮೂಟೆಯಿಂದ ತಲೆ ಎತ್ತಿ ನನ್ನನ್ನು ನೋಡಿತು. ಮೂತಿಯ ಸಣ್ಣ ಸಣ್ಣ ಕೂದಲಿಗೆಲ್ಲ ಹಳದಿ ಪುಡಿ ಮೆತ್ತಿತ್ತು. ಕೆಳದುಟಿಯನ್ನು ಅದುರಿಸಿ ಸೀನಿತು, ಪುಡಿ ಹಾರಿತು. ನಾನು ನಕ್ಕೆ. ನಗುತ್ತ ಅದರ ಮೂತಿಯನ್ನು ನನ್ನ ಟವೆಲ್ಲಿನಿಂದ ಒರೆಸಿದೆ.

ಓದಿದ್ದು ಇಷ್ಟು. ಮೊನೆನ್ಸಿನ್ ಕೋಳಿಯನ್ನು ಕೊಲ್ಲಬೇಕಾದರೆ ದೇಹತೂಕದ ಕಿಲೋಗೆ ಸುಮಾರು 200 ಮಿಲಿಗ್ರಾಂ ಬೇಕು. ದನಕ್ಕೆ 20ಕ್ಕೂ ಮೇಲೆ. ಕುದುರೆಗೆ 2ರಿಂದ 3 ಸಾಕು. ಅದು ಗುಂಡಿಗೆಯ ಸ್ನಾಯುವನ್ನು ತಿನ್ನುತ್ತದೆ. ತಿಂದ ಕೂಡಲೇ ಸಾಯದೆ ಚೇತರಿಸಿಕೊಂಡಂತೆ ಕಂಡ ಕುದುರೆ ವಾರಗಳ ನಂತರ, ತಿಂಗಳುಗಳ ನಂತರ, ಜೋರಾಗಿ ಓಡಿದ ಮೇಲೆ ಬಿದ್ದು ಸಾಯಬಹುದು. ಕೋಳಿ ಆಹಾರದಲ್ಲಿ ಅದನ್ನು ಬೆರೆಸುವುದು ಕಿಲೋಗೆ 100 ಮಿಲಿಗ್ರಾಂ ಲೆಕ್ಕದಲ್ಲಿ. ಕೆಂಚಿಯ ತೂಕ 180 ಕಿಲೋ ಎಂದು ಹಿಡಿಯೋಣ. ಕಿಲೋಗೆ ಎರಡರಂತೆ 360 ಮಿಲಿಗ್ರಾಂ. ಅಂದರೆ ಮೂರು ಕಿಲೋ ಆರುನೂರು ಗ್ರಾಂ ಆಹಾರ. ಈ ಲೆಕ್ಕವನ್ನು ನಾನು ಎಷ್ಟು ರಾತ್ರಿ ಮಾಡಿದ್ದೇನೋ. ತೂಕವನ್ನು ಹೆಚ್ಚಿಸಿ ನೋಡಿದ್ದೇನೆ, ಎರಡರ ಬದಲು ಮೂರು ಹಾಕಿ ನೋಡಿದ್ದೇನೆ. ಮೂಟೆ ಆ ದಿನ ಎಷ್ಟು ಇಳಿದಿತ್ತು ಎಂದು ಕಣ್ಣು ಮುಚ್ಚಿ ನೆನೆಸಿಕೊಂಡರೆ ನೆನಪಿಗೆ ಬರುವುದು ಆ ಹಳದಿ ಮೂತಿ ಒಂದೇ. ಖಾಲಿ ಚೀಲವನ್ನು ಅಮ್ಮ ಗೊಬ್ಬರ ತುಂಬಲು ಬಳಸಿ ಹರಿದುಹಾಕಿದ್ದರು. ಅಂಗಡಿಯವನು, ಕೆಲವು ಮೂಟೆಯಲ್ಲಿ ಔಷಧಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ, ನೀವು ಒಯ್ದದ್ದು ಯಾವುದೋ ಎಂದ.

ಗುಂಡಿಗೆಯ ಒಂದು ತುಣುಕು ಫಾರ್ಮಲಿನ್ ಬಾಟಲಿಯಲ್ಲಿ ಇದ್ದಿದ್ದರೆ ಗೊತ್ತಾಗುತ್ತಿತ್ತೇನೋ. ಡಾಕ್ಟರಿಗೆ ಇದನ್ನು ಹೇಳಿದೆ. ಅವರು ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ಹುಟ್ಟಿನಿಂದ ಬಂದ ಹೃದಯದ ದೋಷ ಇದ್ದಿರಬಹುದು, ಕರುಳಿನ ಹುಳುವಿನ ಮರಿಗಳು ರಕ್ತನಾಳದ ಗೋಡೆಯನ್ನು ಕೊರೆದಿದ್ದಿರಬಹುದು, ಅದೂ ಎಳೆಯ ಕುದುರೆಗಳಲ್ಲಿ ಉಂಟು ಎಂದರು. ಸಮಾಧಾನಕ್ಕೆ ಹೇಳಿದ್ದಲ್ಲ. ಅವರು ಸಮಾಧಾನಕ್ಕೆ ಮಾತಾಡುವವರಲ್ಲ.

ಅಪ್ಪನಿಗೆ ಅಂದೇ ರಾತ್ರಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹುಡುಗನಿಗೆ ಹೇಳಿದೆಯಾ?" ಎಂದರು. ಇಲ್ಲ ಎಂದೆ. ಅವನ ನಂಬರ್ ನನ್ನ ಮೊಬೈಲಿನಲ್ಲಿತ್ತು. ಇನ್ನೂ ಒಂದು ವರ್ಷ ಅದು ಅಲ್ಲಿಯೇ ಇತ್ತು.

ಸಂಕ್ರಾಂತಿ

ಕಾರ್ಖಾನೆಗೆ ಹಬ್ಬದ ರಜೆ. ಊರಿಗೆ ಬಂದಿದ್ದಾನೆ ಎಂದು ತಿಳಿದು ಅವನ ಮನೆಗೆ ಹೋದೆ. ತೆಳ್ಳಗಾಗಿದ್ದ. ಅವನ ತಾಯಿ ಎಳ್ಳು ಬೆಲ್ಲ ಕೊಟ್ಟರು, ಕುಳಿತುಕೊಳ್ಳಿ ಎಂದರು. ಕುಳಿತರೆ ಹೇಳಲಾರೆ ಎನ್ನಿಸಿ ನಿಂತೇ ಹೇಳಿದೆ. ಮೂಟೆ, ಔಷಧಿ, ಲೆಕ್ಕ, ಎಲ್ಲವನ್ನೂ. ಅಪ್ಪ ಆಡಿದ ಮಾತನ್ನು ನಾನು ಅಂದೇ ತಡೆಯಬೇಕಾಗಿತ್ತು ಎಂದೂ ಹೇಳಿದೆ. ಅವನು ನೆಲ ನೋಡುತ್ತಿದ್ದ.

"ಅಣ್ಣ, ಆ ಮೂಟೆ ನನಗೆ ಗೊತ್ತು" ಎಂದ. "ಎರಡು ಸಲ ಬಾಯಿ ಬಿಚ್ಚಿಕೊಂಡಿತ್ತು. ನಾನೇ ಕಟ್ಟಿದೆ, ತೆಂಗಿನ ಹುರಿಯಲ್ಲಿ. ಕೆಂಚಿ ತಿಂದಿದೆ ಎಂದು ಗೊತ್ತಾಗಿತ್ತು. ಆಹಾರ ಹಾಳಾಯಿತು ಎಂದು ಅಮ್ಮ ಬೇಸರ ಮಾಡಿಕೊಳ್ಳುತ್ತಾರೆ ಎಂದು ನಾನೂ ಹೇಳಲಿಲ್ಲ." ಸ್ವಲ್ಪ ತಡೆದು, "ಬಣ್ಣಾರಿಯಲ್ಲಿ ಕೆಂಡದ ಮೇಲೆ ನಡೆಯುವಾಗ ನಾನು ಕೇಳಿಕೊಂಡದ್ದು ಅದರ ಹೆಸರನ್ನೇ" ಎಂದ.

ಎಷ್ಟು ತಿಂದಿತ್ತು ಎಂದು ನಾನು ಕೇಳಿದೆ. ಕೇಳಬಾರದಿತ್ತು, ಆದರೆ ಕೇಳಿದೆ. ಅವನು ಎರಡೂ ಅಂಗೈಗಳನ್ನು ಜೋಡಿಸಿ ಬೊಗಸೆ ಮಾಡಿದ. ಅದನ್ನೇ ನೋಡುತ್ತ, ಬೆರಳುಗಳನ್ನು ಸ್ವಲ್ಪ ಅಗಲಿಸಿದ. ಮತ್ತೆ ಕೂಡಿಸಿದ. ಆಮೇಲೆ ಕೈಗಳನ್ನು ಕೆಳಗೆ ಬಿಟ್ಟ.

ಸಂಜೆ ನನ್ನ ಜೊತೆ ತೋಟಕ್ಕೆ ಬಂದ. ಅಪ್ಪ ಜಗಲಿಯಿಂದ ಎದ್ದು ಅಂಗಳಕ್ಕೆ ಇಳಿದರು, "ಬಾಪ್ಪಾ" ಎಂದರು. ಅದಕ್ಕಿಂತ ಹೆಚ್ಚು ಅವರ ಬಾಯಿಂದ ಬರಲಿಲ್ಲ. ಹುಡುಗ ಲಾಯಕ್ಕೆ ಹೋದ. ತಾಯಿ ಕುದುರೆ ಅವನ ಅಂಗಿಯ ಜೇಬಿಗೆ ಮೂತಿ ಹಾಕಿತು. ಹಿಂದೆ ಅಲ್ಲಿ ಯಾವಾಗಲೂ ಬೆಲ್ಲ ಇರುತ್ತಿತ್ತು. ಕೋಳಿ ಆಹಾರವನ್ನು ಈಗ ನಾವು ಮನೆಯ ಅಟ್ಟದ ಮೇಲೆ ಇಡುತ್ತೇವೆ ಎಂದು ಹೇಳಿದೆ. ಅವನು ತಲೆಯಾಡಿಸಿದ. ಮೂಲೆಯಲ್ಲಿ ಹಸುವಿನ ಬೂಸಾ ಮೂಟೆಯೊಂದು ಇತ್ತು, ಬಾಯಿ ಸಡಿಲವಾಗಿ ಸುತ್ತಿತ್ತು. ಅವನು ಹೋಗಿ ಅದನ್ನು ಬಿಚ್ಚಿ, ಚೀಲದ ಅಂಚನ್ನು ಎರಡು ಸಲ ಮಡಿಸಿ, ಹುರಿಯನ್ನು ಬಿಗಿಯಾಗಿ ಎಳೆದು ಗಂಟು ಹಾಕಿದ. ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ.